ಮನೆ ಬಾಡಿಗೆಗಿದೆ ಎಂದು ಬೋರ್ಡ್ ಹಾಕಿದವರಿಗೆ

ಮೈಸೂರಿನ ಮನೆ ಮಾಲೀಕರೇ, ನಮಸ್ಕಾರ.

ನಾನೂ ನಿಮ್ಮ ಪೈಕಿಯವಳೇ. ಕುವೆಂಪುನಗರದಲ್ಲಿ ಕೆಳಗಿನ ಮನೆಯಲ್ಲಿ ನಾನಿದ್ದೇನೆ. ಮೇಲೆ ಒಂದು ಬೆಡ್‌ರೂಮಿನ ಪುಟ್ಟ ಮನೆ ಇದೆ, ಅದನ್ನು ಬಾಡಿಗೆಗೆ ಕೊಡುತ್ತೇನೆ. ಪಿಂಚಣಿ ಜೊತೆಗೆ ಆ ಬಾಡಿಗೆಯೂ ಸೇರಿದರೇ ನನ್ನ ತಿಂಗಳು ದಾಟುವುದು. ಗೇಟಿಗೆ ತಂತಿಯಲ್ಲಿ ಕಟ್ಟುವ ತಗಡಿನ ಬೋರ್ಡ್ ಇದೆಯಲ್ಲ, ಅದನ್ನು ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ಕಟ್ಟಿ ಎಷ್ಟು ಸಲ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಈ ಪತ್ರದಲ್ಲಿ ಬೈಗುಳ ಏನಾದರೂ ಕಂಡರೆ ಅದು ಮೊದಲು ನನ್ನ ಪಾಲಿಗೆ ಅಂತ ತಿಳಿದುಕೊಳ್ಳಿ.

ಎರಡು ವರ್ಷದ ಹಿಂದಿನ ಮಾತು. ಆಷಾಢ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ನಿಮಗೆ ಗೊತ್ತೇ ಇದೆ. ಬೋರ್ಡ್ ಮೂರು ವಾರದಿಂದ ಸುಮ್ನೆ ಮಳೆಯಲ್ಲಿ ನೆನೆಯುತ್ತಿತ್ತು. ಒಂದು ಸಂಜೆ ಗೇಟಿನ ಸದ್ದಾಯಿತು. ಕೈಯಲ್ಲಿ ಹೆಲ್ಮೆಟ್ ಹಿಡಿದ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಜೊತೆಗೆ ಇಪ್ಪತ್ತಮೂರು ಇಪ್ಪತ್ನಾಲ್ಕರ ಒಬ್ಬ ಹುಡುಗಿ. ಹುಡುಗಿಗೆ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಮನೆ ಬೇಕು ಅಂದರು.

ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಮನೆ ನೋಡಲು ಬಂದವರು ಏನು ನೋಡುತ್ತಾರೆ? ನಲ್ಲಿ ತಿರುಗಿಸುತ್ತಾರೆ, ಬಚ್ಚಲಿಗೆ ಇಣುಕುತ್ತಾರೆ, ಬಟ್ಟೆ ಒಣಗಿಸಲು ಜಾಗ ಇದೆಯಾ ಕೇಳುತ್ತಾರೆ. ಈ ಹುಡುಗಿ ಅದ್ಯಾವುದನ್ನೂ ಕೇಳಲಿಲ್ಲ. ಸೀದಾ ಬಾಗಿಲ ಹತ್ತಿರ ಹೋಗಿ ಒಳಗಿನಿಂದ ಚಿಲಕ ಹಾಕಿ ನೋಡಿದಳು. ಮಳೆಗೆ ಮರ ಉಬ್ಬಿತ್ತು, ಚಿಲಕ ಸ್ವಲ್ಪ ಬಿಗಿ. ಭುಜ ಕೊಟ್ಟು ಬಾಗಿಲು ಒತ್ತಿ ಮತ್ತೊಮ್ಮೆ ಹಾಕಿದಳು. ತೆಗೆದಳು. "ಸರಿಯಾಗಿದೆ ಆಂಟಿ" ಅಂದಳು. ಆವತ್ತು ನನಗೆ ಅದು ವಿಚಿತ್ರ ಅನಿಸಿತ್ತು ಅಷ್ಟೆ.

ಕೆಳಗೆ ಬಂದು ಕೂತು ಕಾಫಿ ಕುಡಿಯುವಾಗ ಆ ಹೆಂಗಸು ವಿಷಯ ಹೇಳಿದರು. ತಾನು ಒಂದು ಸಂಸ್ಥೆಯಲ್ಲಿ ಆಪ್ತಸಮಾಲೋಚಕಿ. ಈ ಹುಡುಗಿ ಕೆಲವು ವರ್ಷ ಅಲ್ಲೇ ಇದ್ದು ಕೆಲಸ ಕಲಿತವಳು. ಯಾಕೆ ಅಲ್ಲಿದ್ದಳು ಅನ್ನುವುದನ್ನು ಎರಡೇ ಮಾತಿನಲ್ಲಿ ಹೇಳಿದರು, ಆ ಮಾತು ಇಲ್ಲಿ ಬೇಡ. "ನಿಮಗೆ ಹೇಳಲೇಬೇಕು ಅಂತೇನಿಲ್ಲ ಅಮ್ಮ. ಆದರೆ ಹಿಂದಿನ ಮನೆಯವರಿಗೆ ಆರು ತಿಂಗಳಾದ ಮೇಲೆ ಯಾರಿಂದಲೋ ಗೊತ್ತಾಗಿ, ಒಂದೇ ದಿನದಲ್ಲಿ ಸಾಮಾನು ಹೊರಗಿಟ್ಟರು. ಅದಕ್ಕೇ ಮೊದಲೇ ಹೇಳ್ತಿದ್ದೀನಿ" ಅಂದರು.

ನಾನು ಹೇಳಿದ ಮಾತು ಇದು: "ಮನೆಯವರನ್ನ ಕೇಳಿ ಹೇಳ್ತೀನಿ."

ನಮ್ಮ ಮನೆಯವರು ತೀರಿಕೊಂಡು ಆಗ ಆರು ವರ್ಷವಾಗಿತ್ತು. ನಾನು ಕೂತಿದ್ದ ಕುರ್ಚಿಯ ಹಿಂದೆಯೇ, ಗೋಡೆಯ ಮೇಲೆ, ಅವರ ಫೋಟೋ ಇತ್ತು. ಬೆಳಿಗ್ಗೆ ತಾನೇ ಮಲ್ಲಿಗೆ ಮುಡಿಸಿದ್ದೆ. ಆ ಹೆಂಗಸು ಫೋಟೋ ನೋಡಿದರು, ನನ್ನನ್ನು ನೋಡಿದರು. "ಆಗಲಿ ಅಮ್ಮ" ಅಂತ ಎದ್ದರು. ಹುಡುಗಿ ಕಾಫಿ ಲೋಟ ಎರಡನ್ನೂ ತೆಗೆದು ಅಡುಗೆಮನೆ ಕಟ್ಟೆಯ ಮೇಲಿಟ್ಟು ಹೋದಳು.

ಶ್ರಾವಣದಲ್ಲಿ ಒಂದು ಫ್ಯಾಮಿಲಿ ಬಂತು. ಬೋರ್ಡ್ ಬಿಚ್ಚಿದೆ.

ಇದರಲ್ಲಿ ಇನ್ನೊಂದು ನಾಚಿಕೆಯ ವಿಷಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಆ ಘಟನೆಗೆ ಕೆಲವೇ ತಿಂಗಳ ಮೊದಲು, ನಮ್ಮ ಹಳೆಯ ಬ್ಯಾಂಕ್ ಗೆಳತಿಯರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಭಾಷಣದ ವಿಡಿಯೋ ಹಾಕಿದ್ದರು. ಮಾರಾಟವಾದ ಹೆಣ್ಣುಮಕ್ಕಳನ್ನು ದಂಧೆಯಿಂದ ಬಿಡಿಸುವ ಸುನೀತಾ ಕೃಷ್ಣನ್ ಅವರದು. ಪೂರ್ತಿ ನೋಡಿ, ಕಣ್ಣೊರೆಸಿಕೊಂಡು, "ಇಂಥವರ ಪಾದಕ್ಕೆ ನಮಸ್ಕಾರ" ಅಂತ ಬರೆದು ಮೂರು ಕೈಮುಗಿಯುವ ಚಿತ್ರ ಒತ್ತಿದ್ದೆ. ಆಪ್ತಸಮಾಲೋಚಕಿ ಬಂದುಹೋದ ದಿನ ರಾತ್ರಿ ಆ ವಿಡಿಯೋ ಮತ್ತೆ ತೆಗೆದು ನೋಡಿದೆ. ಆಗ ಗೊತ್ತಾಯಿತು, ಆ ಮಾತು ಆಡಿದ್ದು ಎಲ್ಲೋ ಅಮೆರಿಕದಲ್ಲಿ ಅಲ್ಲ. ನಮ್ಮ ಮೈಸೂರಿನಲ್ಲೇ, 2009ರ ನವೆಂಬರ್‌ನಲ್ಲಿ, ಇನ್ಫೋಸಿಸ್ ಆವರಣದಲ್ಲಿ ನಡೆದ ಟೆಡ್ ಇಂಡಿಯಾ ಸಮಾವೇಶದಲ್ಲಿ. ನನ್ನ ಮನೆಯಿಂದ ಸ್ಕೂಟರಿನಲ್ಲಿ ಹೋಗುವಷ್ಟು ದೂರ.

ಹೈದರಾಬಾದಿನ 'ಪ್ರಜ್ವಲಾ' ಸಂಸ್ಥೆ ಕಟ್ಟಿದವರು ಅಂತ ಸುನೀತಾ ನಿಮಗೂ ಗೊತ್ತಿರಬಹುದು. 2016ರಲ್ಲಿ ಪದ್ಮಶ್ರೀ ಬಂತು. ಆದರೆ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1972ರಲ್ಲಿ. ತಂದೆತಾಯಿ ಪಾಲಕ್ಕಾಡ್ ಕಡೆಯ ಮಲಯಾಳಿಗಳು. ತಂದೆಗೆ ಸರ್ವೆ ಇಲಾಖೆಯಲ್ಲಿ ಕೆಲಸ, ಊರೂರು ವರ್ಗ. ಎಂಟು ವರ್ಷಕ್ಕೇ ಬುದ್ಧಿಮಾಂದ್ಯ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡಲು ಹೋಗುತ್ತಿದ್ದ ಹುಡುಗಿ. ಹನ್ನೆರಡಕ್ಕೆ ಕೊಳೆಗೇರಿ ಮಕ್ಕಳಿಗೆ ಪಾಠ. ಹದಿನೈದನೇ ವಯಸ್ಸಿನಲ್ಲಿ ದಲಿತ ಕೇರಿಯೊಂದರಲ್ಲಿ ಅಕ್ಷರ ಕಲಿಸುವ ಕೆಲಸದಲ್ಲಿದ್ದಾಗ ಎಂಟು ಗಂಡಸರು ಅತ್ಯಾಚಾರ ಮಾಡಿದರು. ಇದನ್ನು ಅವರೇ ಹೆಸರು ಮುಚ್ಚಿಕೊಳ್ಳದೆ ವೇದಿಕೆಯ ಮೇಲೆ ನಿಂತು ಹೇಳಿದ್ದಾರೆ, ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಆ ಘಟನೆಯ ಬಗ್ಗೆ ಅವರು ಹೇಳುವುದು ಕಡಿಮೆ. ಹೇಳುವುದು ಆಮೇಲಿನ ಎರಡು ವರ್ಷದ ಬಗ್ಗೆ. ಸುತ್ತಲಿನವರು ಅವರನ್ನೇ ತಪ್ಪಿತಸ್ಥೆಯ ಹಾಗೆ ದೂರ ಇಟ್ಟ ಬಗ್ಗೆ. ನೋವಿಗಿಂತ ಜಾಸ್ತಿ ಸಿಟ್ಟು ಉಳಿಯಿತು ಅನ್ನುತ್ತಾರೆ.

ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಪದವಿ, ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ. ಅಂದರೆ ಆ ಎರಡೂ ಓದು ನಮ್ಮ ರಾಜ್ಯದಲ್ಲೇ. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತಲ್ಲ, ಅದನ್ನು ವಿರೋಧಿಸಿ ಜೈಲು ಸೇರಿದವರಲ್ಲಿ ಇವರೂ ಒಬ್ಬರು. ಸುಮಾರು ಎರಡು ತಿಂಗಳು ಒಳಗಿದ್ದರು. (ಆ ಸ್ಪರ್ಧೆಯನ್ನು ನಾನು ಟೀವಿಯಲ್ಲಿ ಚಕ್ಕುಲಿ ತಿನ್ನುತ್ತಾ ನೋಡಿದ್ದೆ. ಪ್ರತಿಭಟನೆ ಮಾಡುವವರಿಗೆ ಬೇರೆ ಕೆಲಸ ಇಲ್ಲ ಅಂತ ನಮ್ಮ ಮನೆಯವರು ಅಂದಿದ್ದು, ನಾನು ಹೂಂ ಅಂದಿದ್ದು ನೆನಪಿದೆ.)

ಆಮೇಲೆ ಹೈದರಾಬಾದ್. ಅಲ್ಲಿ ನಡೆದದ್ದು ಮನೆ ಮಾಲೀಕರಾದ ನಾವು ಗಮನಿಸಬೇಕಾದ ಸಂಗತಿ. ಹಳೇ ನಗರದಲ್ಲಿ ಮೆಹಬೂಬ್ ಕಿ ಮೆಹೆಂದಿ ಅಂತ ಒಂದು ಸೂಳೆಗೇರಿ ಇತ್ತು. ಆ ಪದ ಬರೆಯಲು ಕೈ ಬರುವುದಿಲ್ಲ, ಆದರೆ ಜನ ಕರೆಯುತ್ತಿದ್ದುದು ಹಾಗೇ. 1996ರಲ್ಲಿ ಅದನ್ನು ಸರ್ಕಾರ ಖಾಲಿ ಮಾಡಿಸಿತು. ಅಲ್ಲಿದ್ದ ಹೆಂಗಸರು, ಮಕ್ಕಳು, ಮುದುಕಿಯರೆಲ್ಲ ಬೀದಿಗೆ ಬಿದ್ದರು. ಊರು ಶುದ್ಧವಾಯಿತು ಅಂತ ಕೆಲವರಿಗೆ ಸಮಾಧಾನ ಆಗಿರಬಹುದು. ಆ ಹೆಂಗಸರು ಎಲ್ಲಿಗೆ ಹೋಗಬೇಕು? ಯಾರು ಬಾಡಿಗೆಗೆ ಮನೆ ಕೊಡುತ್ತಾರೆ?

ಅಲ್ಲಿ ಖಾಲಿಯಾದ ಒಂದು ಜಾಗದಲ್ಲೇ ಸುನೀತಾ ಮತ್ತು ಬ್ರದರ್ ಜೋಸ್ ವೆಟ್ಟಿಕಾಟಿಲ್ ಎಂಬ ಕ್ರೈಸ್ತ ಮಿಷನರಿ ಸೇರಿ ಆ ಹೆಂಗಸರ ಮಕ್ಕಳಿಗೆ ಶಾಲೆ ತೆರೆದರು. ಶುರುವಿಗೆ ಐದು ಮಕ್ಕಳು. ತಾಯಿಯ ಕಸುಬು ಮಗಳಿಗೆ ಬರಬಾರದು ಅನ್ನುವುದಷ್ಟೇ ಗುರಿ. ದುಡ್ಡಿಗಾಗಿ ಸುನೀತಾ ತಮ್ಮ ಒಡವೆ ಮಾರಿದರು, ಮನೆಯ ಪಾತ್ರೆಪಗಡವನ್ನೂ ಮಾರಿದರು. ಬ್ರದರ್ ಜೋಸ್ 2005ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಶಾಲೆಯ ಜೊತೆಗೆ ರಕ್ಷಣೆ, ಆಶ್ರಯ, ಕೆಲಸ ಕಲಿಸುವುದು ಎಲ್ಲ ಸೇರಿಕೊಂಡಿತ್ತು. 2009ರಲ್ಲಿ ಮೈಸೂರಿಗೆ ಬಂದಾಗ, ತಾವು ಬಿಡಿಸಿದ ಹೆಣ್ಣುಮಕ್ಕಳ ಸಂಖ್ಯೆ ಮೂರು ಸಾವಿರ ದಾಟಿದೆ ಅಂತ ಅವರು ಹೇಳಿದ್ದರು.

ಆ ಭಾಷಣದಲ್ಲಿ ನನಗೆ ಮೊದಲ ಸಲ ನೆನಪುಳಿದದ್ದು ಹೊಡೆತದ ಕತೆ. ಹದಿನಾಲ್ಕು ಸಲಕ್ಕೂ ಹೆಚ್ಚು ಅವರ ಮೇಲೆ ಹಲ್ಲೆ ಆಗಿದೆ. ಬಲಗಿವಿ ಕೇಳಿಸುವುದಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು, ಹುಡುಗಿಯರನ್ನು ಬಿಡಿಸಲು ಹೋದಾಗ ಕೊಲೆಯಾದರು. ಇದನ್ನೆಲ್ಲ ಕೇಳಿದರೆ ನಮ್ಮಂಥವರಿಗೆ ಮೈ ಜುಮ್ಮೆನ್ನುತ್ತದೆ, ಸಿನಿಮಾ ನೋಡಿದ ಹಾಗೆ. ಎರಡನೇ ಸಲ ನೋಡಿದಾಗ ಕಿವಿಗೆ ಬಿದ್ದದ್ದು ಅದರ ಪಕ್ಕದ ಮಾತು. ತನಗೆ ಅತಿ ಕಷ್ಟ ಕೊಟ್ಟವರು ಆ ದಲ್ಲಾಳಿಗಳಲ್ಲ, ನೀವು ಮತ್ತು ನಾನು ಅಂದಿದ್ದಾರೆ. ಇಂಥ ಹವಾನಿಯಂತ್ರಿತ ಹಾಲ್‌ನಲ್ಲಿ ಕೂತು ಮಾತಾಡಲು ಈ ವಿಷಯ ಚೆನ್ನ. ಅವರನ್ನು ಮನೆಗೆ ಕರೆಯುವುದು, ಕಾರ್ಖಾನೆಯಲ್ಲಿ ಕೆಲಸ ಕೊಡುವುದು, ನಮ್ಮ ಮಕ್ಕಳ ಪಕ್ಕ ಅವರ ಮಕ್ಕಳನ್ನು ಕೂರಿಸುವುದು ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಅನ್ನುತ್ತಾರೆ. ಜನ ಚಪ್ಪಾಳೆ ಹೊಡೆಯುತ್ತಾರೆ. ನಾನೂ ಮನೆಯಲ್ಲಿ ಕೂತು ಹೊಡೆದಿದ್ದೆ.

ಅವರು ಹೇಳುವ ಒಂದು ಚಿಕ್ಕ ಪ್ರಸಂಗ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವರಿಗೆ ಒಬ್ಬ ಸ್ನೇಹಿತರು. ಸಂಸ್ಥೆಗೆ ತಪ್ಪದೆ ದುಡ್ಡು ಕೊಡುವವರು. ಅವರ ತಾಯಿಗೆ ಹುಷಾರಿಲ್ಲ, ನೋಡಿಕೊಳ್ಳಲು ಜನ ಬೇಕು. ನಿಮಗೆ ಇಷ್ಟೊಂದು ಜನ ಗೊತ್ತಲ್ಲ, ಯಾರನ್ನಾದರೂ ಹುಡುಕಿ ಕೊಡಿ ಅಂತ ಸುನೀತಾರನ್ನು ಕೇಳುತ್ತಾರೆ. ಕೇಳಿ, ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಸೇರಿಸುತ್ತಾರೆ: ಆದರೆ ನಮ್ಮ ಆ ಹುಡುಗಿಯರಲ್ಲಿ ಯಾರೂ ಬೇಡ.

ಆ ಒಂದು ಕ್ಷಣ ಸುಮ್ಮನಾದದ್ದು ಇದೆಯಲ್ಲ, ಅದು ನನ್ನ 'ಮನೆಯವರನ್ನ ಕೇಳಿ ಹೇಳ್ತೀನಿ'ಯ ಅಣ್ಣನೋ ತಮ್ಮನೋ ಇರಬೇಕು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನೀವು ಏನು ಹೇಳುತ್ತೀರಿ ಅಂತ ನನಗೆ ಗೊತ್ತು, ಯಾಕೆಂದರೆ ಅದನ್ನೆಲ್ಲ ನಾನೇ ನನಗೆ ಹೇಳಿಕೊಂಡಿದ್ದೆ.

ಮೊದಲನೆಯದು ಪೊಲೀಸ್ ಭಯ. "ನಾಳೆ ಏನಾದರೂ ಆದರೆ ಕೇಸು ನಮ್ಮ ತಲೆಗೆ ಬರುತ್ತೆ." ಇದನ್ನು ನಾನು ಒಬ್ಬ ವಕೀಲರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಮನೆ ಮಾಲೀಕರ ಮಾತು ಬರುವುದು ನಿಜ. ಮೂರನೇ ಸೆಕ್ಷನ್. ಆದರೆ ಅದು ಹಿಡಿಯುವುದು ಗೊತ್ತಿದ್ದೂ ದಂಧೆಗೆ ಮನೆ ಕೊಟ್ಟವರನ್ನು. ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಫ್ಯಾಕ್ಟರಿಗೆ ಹೋಗುವ ಹುಡುಗಿಗೆ ಮನೆ ಕೊಟ್ಟವರನ್ನಲ್ಲ. ಅವಳ ಹಿಂದಿನ ದಿನಗಳಿಗೂ ನಿಮ್ಮ ಕರಾರು ಪತ್ರಕ್ಕೂ ಸಂಬಂಧವೇ ಇಲ್ಲ.

ತಮಾಷೆ ನೋಡಿ. ತಿಂಗಳಿಗೊಮ್ಮೆಯಾದರೂ ಪೇಪರಿನಲ್ಲಿ ಓದುತ್ತೀರಿ, ಇಂಥ ಬಡಾವಣೆಯ ಬಾಡಿಗೆ ಮನೆ ಮೇಲೆ ದಾಳಿ, ಇಷ್ಟು ಯುವತಿಯರ ರಕ್ಷಣೆ ಅಂತ. ಆ ಮನೆ ಕೊಟ್ಟವರು ಯಾರು? ನಮ್ಮಂಥವರೇ. ಅವರಿಗೆ ಮನೆ ಸಿಕ್ಕಿದ್ದು ಹೇಗೆ? ಗಂಡ ಹೆಂಡತಿ ಅಂತ ಹೇಳಿಕೊಂಡು ಒಂದು ಜೋಡಿ ಬರುತ್ತದೆ. ಕಾರಿನಲ್ಲಿ ಬರುತ್ತದೆ. ಚೌಕಾಸಿ ಮಾಡುವುದಿಲ್ಲ. ಕೇಳಿದಷ್ಟು ಅಡ್ವಾನ್ಸ್ ಕೈಗೆ ಇಡುತ್ತದೆ. ನಾವು 'ಒಳ್ಳೇ ಪಾರ್ಟಿ' ಅಂತ ಬೋರ್ಡ್ ಬಿಚ್ಚುತ್ತೇವೆ. ಹುಡುಗಿಯರನ್ನು ಮಾರುವವರಿಗೆ ನಮ್ಮ ಮನೆ ಸುಲಭವಾಗಿ ಸಿಗುತ್ತದೆ. ಅವರ ಕೈಯಿಂದ ತಪ್ಪಿಸಿಕೊಂಡು ಬಂದವಳಿಗೆ ಸಿಗುವುದಿಲ್ಲ.

ಕಾನೂನು ಈ ಮರ್ಮವನ್ನು ಚೆನ್ನಾಗಿ ಹಿಡಿದಿದೆ. ದೆಹಲಿಯ ಬಸ್ಸಿನಲ್ಲಿ ನಡೆದ 2012ರ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟ ಮೇಲೆ, 2013ರಲ್ಲಿ ದಂಡ ಸಂಹಿತೆಯ 370ನೇ ಸೆಕ್ಷನ್ ಬದಲಾಯಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 143. ಅದರ ಪ್ರಕಾರ ಮಾನವ ಕಳ್ಳಸಾಗಣೆ ಅಂದರೆ ಬರೀ ಎತ್ತಿಕೊಂಡು ಹೋಗುವುದಲ್ಲ. ಶೋಷಣೆಗಾಗಿ ಮೋಸದಿಂದಲೋ, ಬೆದರಿಸಿಯೋ, ಆಸೆ ತೋರಿಸಿಯೋ ಒಬ್ಬರನ್ನು ಸೇರಿಸಿಕೊಳ್ಳುವುದು, ಸಾಗಿಸುವುದು, ಕೈ ಬದಲಾಯಿಸುವುದು, ಇರಿಸಿಕೊಳ್ಳುವುದು ಎಲ್ಲವೂ ಅಪರಾಧ. 'ಅವಳೇ ಒಪ್ಪಿ ಬಂದಳು' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಇರಿಸಿಕೊಳ್ಳಲು ಒಂದು ಸೂರು ಬೇಕಲ್ಲ? ಈ ದಂಧೆ ನಿಂತಿರುವುದೇ ಯಾರದೋ ಬಾಡಿಗೆ ಮನೆಯ ಮೇಲೆ.

ಎರಡನೇ ಮಾತು: "ಇಂಥವರನ್ನ ನೋಡಿಕೊಳ್ಳೋಕೆ ಸಂಸ್ಥೆಗಳಿವೆ, ಸರ್ಕಾರ ಇದೆ." ಇವೆ. ನಮ್ಮ ಮೈಸೂರಿನಲ್ಲೇ ಸ್ಟ್ಯಾನ್ಲಿ ಮತ್ತು ಪರಶುರಾಮ್ ಅನ್ನುವ ಇಬ್ಬರು ಸ್ನೇಹಿತರು 'ಒಡನಾಡಿ' ಕಟ್ಟಿ ಮೂವತ್ತು ವರ್ಷದ ಮೇಲಾಯಿತು. ಎಷ್ಟು ಚೆಂದದ ಹೆಸರು ಅಲ್ವಾ? ಒಡನಾಡಿ ಅಂದರೆ ಜೊತೆಗಿರುವವರು. ಸರ್ಕಾರದ ಆಶ್ರಯ ಮನೆ ಶಕ್ತಿ ಸದನ ಇದೆ, ದುಡಿಯುವ ಹೆಂಗಸರಿಗೆ ಸಖಿ ನಿವಾಸ ಇದೆ. ಆದರೆ ಆಶ್ರಯ ಮನೆ ಅಂದರೆ ಬಸ್ ಸ್ಟಾಂಡ್ ಇದ್ದ ಹಾಗೆ. ಅಲ್ಲಿ ಯಾರೂ ಸಂಸಾರ ಹೂಡುವುದಿಲ್ಲ. 2018ರಲ್ಲಿ ಕಳ್ಳಸಾಗಣೆ ತಡೆಗೆ ಒಂದು ಮಸೂದೆ ಲೋಕಸಭೆಯಲ್ಲಿ ಪಾಸಾಗಿತ್ತು. ಪುನರ್ವಸತಿ ಎನ್ನುವುದು ಬಲಿಯಾದವರ ಹಕ್ಕು, ಕೇಸು ಏನೇ ಆಗಲಿ ಅದು ಸಿಗಬೇಕು ಅನ್ನುವ ಮಾತು ಅದರಲ್ಲಿತ್ತು. ರಾಜ್ಯಸಭೆಗೆ ಬರಲೇ ಇಲ್ಲ, ಚುನಾವಣೆ ಬಂದು ಬಿದ್ದುಹೋಯಿತು. ಅದು ಕಾಯ್ದೆ ಆಗಿದ್ದರೂ ಒಂದು ವಿಷಯ ಹಾಗೇ ಉಳಿಯುತ್ತಿತ್ತು. ನಾನು ಬಾಡಿಗೆಗೆ ಮನೆ ಕೊಡಲೇಬೇಕು ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ.

ಇಲ್ಲಿ ಸುನೀತಾ ಅವರ ಇನ್ನೊಂದು ಕೆಲಸ ಹೇಳಬೇಕು. ಹುಡುಗಿಯರನ್ನು ಬಿಡಿಸಿ ತಂದು ಉಪ್ಪಿನಕಾಯಿ ಹಾಕುವುದು, ಮೇಣದಬತ್ತಿ ಮಾಡುವುದು ಕಲಿಸಿ ಕೈ ತೊಳೆದುಕೊಳ್ಳಲಿಲ್ಲ ಅವರು. ವೆಲ್ಡಿಂಗ್ ಕಲಿಸಿದರು. ಬಡಗಿ ಕೆಲಸ, ಗಾರೆ ಕೆಲಸ, ಪುಸ್ತಕ ಬೈಂಡಿಂಗ್, ಟ್ಯಾಕ್ಸಿ ಓಡಿಸುವುದು ಕಲಿಸಿದರು. ಹೆಂಗಸರ ಕೆಲಸಕ್ಕೆ ಬರುವ ಕೂಲಿ ಎಷ್ಟು, ಗಾರೆಯವನಿಗೆ ಬರುವ ಕೂಲಿ ಎಷ್ಟು, ನಮಗೆ ಗೊತ್ತಿಲ್ಲವೇ? ಕಸುಬು ಕಲಿತ ಕೈಗೆ ಕೆಲಸ ಸಿಗುವಂತೆ ಮಾಡಿದ್ದು ದೊಡ್ಡ ಸಾಹಸ ಅನ್ನುವುದು ನನ್ನ ಅಭಿಪ್ರಾಯ. ದಾಳಿ ಮಾಡಿ ಬಿಡಿಸುವುದಕ್ಕಿಂತಲೂ ದೊಡ್ಡದು. ಆದರೆ ಸಂಬಳ ಬಂದ ಮೇಲೂ ಮಲಗಲು ಒಂದು ಕೋಣೆ ಬೇಕು.

ಆ ಕೋಣೆ ಸಿಗದಿದ್ದರೆ ಏನಾಗುತ್ತದೆ? ಆಪ್ತಸಮಾಲೋಚಕಿ ಆಮೇಲೆ ಒಮ್ಮೆ ಸಿಕ್ಕಾಗ ಹೇಳಿದ್ದು ಇದು. ಬಿಡಿಸಿ ತಂದ ಹುಡುಗಿಯ ಹಳೇ ಫೋನ್ ನಂಬರ್ ದಲ್ಲಾಳಿಯ ಹತ್ತಿರ ಇದ್ದೇ ಇರುತ್ತದೆ. ಅವನು ಕಾಯುತ್ತಾನೆ. ಮೂರು ಮನೆ ಕೇಳಿ, ಮೂರೂ ಕಡೆ ಇಲ್ಲ ಅನಿಸಿಕೊಂಡು ಬಂದ ದಿನ ಅವನ ಫೋನ್ ಬರುತ್ತದೆ. ಅವನು ಆಧಾರ್ ಕೇಳುವುದಿಲ್ಲ. ಯಾವ ಜನ ಅಂತ ಕೇಳುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೇಳುವುದಿಲ್ಲ. ಮನೆಯವರನ್ನ ಕೇಳಿ ಹೇಳ್ತೀನಿ ಅನ್ನುವುದಿಲ್ಲ. "ಬಾ" ಅನ್ನುತ್ತಾನೆ, ಅಷ್ಟೆ. ಹೋದವಳ ಹೆಸರಿನಲ್ಲಿ ಮತ್ತೆ ಲೆಕ್ಕದ ಪುಸ್ತಕ ತೆರೆಯುತ್ತದೆ. ಅವಳನ್ನು ಕೊಂಡ ದುಡ್ಡೇ ಅವಳ ಸಾಲ. ಅದರ ಮೇಲೆ ಊಟ, ಬಟ್ಟೆ, ಡಾಕ್ಟರು, ಮಲಗುವ ಜಾಗದ ಬಾಡಿಗೆ. ಹೌದು, ಅಲ್ಲೂ ಬಾಡಿಗೆ ಇದೆ. ಅದು ತೀರುವುದೇ ಇಲ್ಲ.

ಮೂರನೆಯದು: "ಅವರಿಗೇ ಆ ಜೀವನ ಬೇಕಂತೆ, ನಾವೇನು ಮಾಡೋಕಾಗುತ್ತೆ?" ಇದನ್ನು ಒಂದೇ ಏಟಿಗೆ ತಳ್ಳಿಹಾಕಲು ನನಗೆ ಆಗುವುದಿಲ್ಲ. ಸುನೀತಾ ಅವರ ದಾರಿಯನ್ನು ಒಪ್ಪದವರೂ ಇದ್ದಾರೆ, ಅವರೂ ತಿಳಿದವರೇ. ಲೈಂಗಿಕ ಕಾರ್ಯಕರ್ತೆಯರ ಸಂಘಟನೆಗಳು ನಮ್ಮ ರಾಜ್ಯದಲ್ಲೂ ಇವೆ, ಪಕ್ಕದ ಸಾಂಗ್ಲಿಯಲ್ಲೂ ಇವೆ. ನಾವು ವಯಸ್ಸಿಗೆ ಬಂದವರು, ನಮ್ಮ ದುಡಿಮೆ ನಮ್ಮದು, ಕೇಳದೇ ಬಂದು ರಕ್ಷಿಸಬೇಡಿ ಅನ್ನುತ್ತಾರೆ. ರಕ್ಷಣೆ ಅಂತ ಹಿಡಿದು ತಂದು ತಿಂಗಳುಗಟ್ಟಲೆ ಬೀಗ ಹಾಕಿದ ಮನೆಯಲ್ಲಿಟ್ಟರೆ ಅದು ಯಾವ ಸೀಮೆಯ ಬಿಡುಗಡೆ ಅಂತ ಅವರು ಕೇಳುವುದು ನ್ಯಾಯವೇ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಷ್ಟವಿಲ್ಲದೆ ಇಂಥ ಮನೆಗಳಲ್ಲಿ ಇರಿಸಲಾದ ವಯಸ್ಕ ಹೆಂಗಸರನ್ನು ಗುರುತಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳಿ ಅಂತ ಹೇಳಿತು. ಸುನೀತಾ ತಮ್ಮ ನಿಲುವಿನಲ್ಲಿ ಗಟ್ಟಿ. ಅಪ್ರಾಪ್ತ ಹುಡುಗಿಯರನ್ನು ಕಣ್ಣಾರೆ ಕಂಡ ತನಗೆ ಅಲ್ಲಿ 'ಆಯ್ಕೆ' ಅನ್ನುವ ಪದ ಹೊಂದುವುದಿಲ್ಲ ಅನ್ನುವುದು ಅವರ ವಾದ. ನಾನು ಯಾವ ಕಡೆ? ಹನ್ನೆರಡು ಹದಿಮೂರರ ಹುಡುಗಿಯ ವಿಷಯದಲ್ಲಿ ಸುನೀತಾ ಕಡೆ, ಕಣ್ಣು ಮುಚ್ಚಿಕೊಂಡು. ಮೂವತ್ತೈದರ ಹೆಂಗಸಿನ ವಿಷಯದಲ್ಲಿ ಅವಳನ್ನೇ ಕೇಳಬೇಕು ಅನಿಸುತ್ತದೆ. ಆದರೆ ಈ ಜಗಳದ ಎರಡೂ ಕಡೆಯವರು ನಮ್ಮ ಗೇಟಿನ ಮುಂದೆ ನಿಂತರೆ ಕೇಳುವುದು ಒಂದನ್ನೇ. ಮನೆ ಕೊಡಿ, ಬೀಗದ ಕೈ ನಮ್ಮ ಹತ್ತಿರ ಇರಲಿ.

ಅಂದಹಾಗೆ, ಬೇಕಂತ ಹೋದವರು ಅನ್ನುವ ಮೊದಲು ನಮ್ಮದೇ ನಾಡಿನ ಕತೆ ನೆನಪಿರಲಿ. ಬೆಳಗಾವಿ, ಬಾಗಲಕೋಟೆ, ರಾಯಚೂರು, ಕೊಪ್ಪಳದ ಕಡೆ ಬುದ್ಧಿ ಬಲಿಯದ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರಲ್ಲ, ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ. ಅದನ್ನು ನಿಷೇಧಿಸಿ ಕಾಯ್ದೆ ಮಾಡಿದ್ದು 1982ರಲ್ಲಿ. ಆ ಹುಡುಗಿಯರಲ್ಲಿ ಎಷ್ಟೋ ಜನ ಸಾಂಗ್ಲಿ, ಪುಣೆ, ಮುಂಬೈ ಸೇರಿದರು. ಕಟ್ಟಿದವರು ಹೆತ್ತವರೇ. ಕರೆದುಕೊಂಡು ಹೋದವರು ಗುರುತಿನವರೇ. ವ್ಯಾನಿನಲ್ಲಿ ಮುಖ ಮುಚ್ಚಿಕೊಂಡು ಬರುವ ಕಳ್ಳ ನಮ್ಮ ತಲೆಯಲ್ಲಿದ್ದಾನೆ. ನಿಜದಲ್ಲಿ ಬರುವವರು ಪಕ್ಕದ ಬೀದಿಯ ಅಕ್ಕ, ಸೋದರಮಾವನ ಸ್ನೇಹಿತ, ಮದುವೆಯಾಗ್ತೀನಿ ಅಂದ ಹುಡುಗ, ಕೆಲಸ ಕೊಡಿಸ್ತೀನಿ ಅಂದ ಏಜೆಂಟ್.

ನಾಲ್ಕನೆಯದು ಅಕ್ಕಪಕ್ಕದವರ ಬಾಯಿ. ಇದು ನಿಜವಾದ ಭಯ. ಉಳಿದ ಮೂರೂ ಇದಕ್ಕೆ ಹೊದಿಸಿದ ಬಟ್ಟೆ ಅಂತ ನನಗೀಗ ಅನಿಸುತ್ತದೆ. ಇದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇಲ್ಲ. ನನ್ನ ಮಗ ಪುಣೆಯಲ್ಲಿದ್ದಾನೆ. ಫೋನಿನಲ್ಲಿ ಹೇಳಿದೆ. "ಸುಮ್ನೆ ಯಾಕಮ್ಮ ತಲೆನೋವು, ಈ ವಯಸ್ಸಲ್ಲಿ" ಅಂದ. ಅವನು ಕೆಟ್ಟವನಲ್ಲ. 2015ರಲ್ಲಿ ಸುನೀತಾ ಮಾಡಿದ ಕೆಲಸವನ್ನು ನನಗೆ ಹೇಳಿದವನು ಅವನೇ. ಅತ್ಯಾಚಾರದ ವಿಡಿಯೋಗಳು ವಾಟ್ಸಾಪಿನಲ್ಲಿ ಹರಿದಾಡುತ್ತಿದ್ದವು. ಅದನ್ನು ನೋಡಿ ಸುನೀತಾ ಆಗಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರಿಗೆ ಪತ್ರ ಬರೆದರು. ದತ್ತು ನಮ್ಮ ಚಿಕ್ಕಮಗಳೂರು ಕಡೆಯವರು. ಆ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿ ಅಂತ ತೆಗೆದುಕೊಂಡಿತು. ಇವತ್ತು ಇಂಥ ವಿಡಿಯೋ ಬಗ್ಗೆ ಹೆಸರು ಹೇಳದೆ ದೂರು ಕೊಡಲು ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ ಇದೆಯಲ್ಲ, 2018ರಲ್ಲಿ ಶುರುವಾದದ್ದು, ಅದರ ಬೇರು ಆ ಪತ್ರದಲ್ಲಿದೆ. ಆ ದಿನಗಳಲ್ಲೇ ಅವರ ಕಾರಿನ ಮೇಲೆ ಕಲ್ಲು ಬಿತ್ತು. ಇದನ್ನೆಲ್ಲ ಹೆಮ್ಮೆಯಿಂದ ಹೇಳಿದ ಮಗನೇ ಈಗ ಯಾಕಮ್ಮ ಅನ್ನುತ್ತಾನೆ. ನಾವೆಲ್ಲ ಹಾಗೇ. ಕಾರಿಗೆ ಕಲ್ಲು ಬಿದ್ದವರನ್ನು ಮೆಚ್ಚುತ್ತೇವೆ, ನಮ್ಮ ಗೇಟಿನ ಮೇಲೆ ಪಕ್ಕದ ಮನೆಯವರ ಕಣ್ಣು ಬಿದ್ದರೆ ಸಾಕು, ಬೆವರುತ್ತೇವೆ.

ನಾನು ನಿಮ್ಮನ್ನು ಕೇಳುವುದು ದಾನವಲ್ಲ. ಬಾಡಿಗೆ ಬಿಡಬೇಡಿ, ಅಡ್ವಾನ್ಸ್ ಬಿಡಬೇಡಿ, ಕರಾರು ಪತ್ರ ಮಾಡಿಕೊಳ್ಳಿ, ಠಾಣೆಗೆ ಆಧಾರ್ ನಕಲು ಕೊಡುವುದಿದ್ದರೆ ಕೊಡಿ. ಎಲ್ಲರಿಗೂ ಮಾಡುವ ಹಾಗೆ. ತಡವಾಗಿ ಬಾಡಿಗೆ ಕೊಟ್ಟರೆ ಎಲ್ಲರಿಗೂ ಗೊಣಗುವ ಹಾಗೆ ಅವಳಿಗೂ ಗೊಣಗಿ. ಹೆಚ್ಚಿಗೆ ಒಳ್ಳೆಯವರಾಗಲೂ ಹೋಗಬೇಡಿ. ದಿನಾ ಕರೆದು ಅಯ್ಯೋ ಪಾಪ ಅನ್ನುವ ಮಾಲೀಕಳು ಇನ್ನೊಂದು ಹಿಂಸೆ. ಹಳೇ ಕತೆ ಕೆದಕಬೇಡಿ. ನಿಮಗೆ ಗೊತ್ತಾದದ್ದು ನಿಮ್ಮ ಹೊಟ್ಟೆಯಲ್ಲಿರಲಿ, ಎದುರು ಮನೆಯವರಿಗೂ ಬೇಡ, ತಂಗಿಗೂ ಬೇಡ. ಹಾಗೇ, ಮನೆ ಕೇಳಿ ಬಂದ 'ಒಳ್ಳೇ ಪಾರ್ಟಿ'ಯನ್ನು ಸ್ವಲ್ಪ ಜಾಸ್ತಿ ನೋಡಿ. ಹಗಲು ಮುಚ್ಚಿದ ಕಿಟಕಿ, ದಿನಕ್ಕೊಬ್ಬ ಹೊಸ ಹುಡುಗಿ, ಒಬ್ಬಳೂ ತಾನೇ ಅಂಗಡಿಗೆ ಹೋಗಿದ್ದು ಕಾಣದಿದ್ದರೆ 112ಕ್ಕೆ ಫೋನ್ ಮಾಡಿ. ಚಿಕ್ಕ ಮಕ್ಕಳಿದ್ದರೆ 1098.

ಹೋದ ತಿಂಗಳು ನನ್ನ ಮೇಲಿನ ಮನೆ ಖಾಲಿಯಾಯಿತು. ಬೋರ್ಡ್ ಕಟ್ಟುವ ಮೊದಲು ಆ ಆಪ್ತಸಮಾಲೋಚಕಿಯ ನಂಬರ್ ಹುಡುಕಿದೆ. ಎರಡು ವರ್ಷದ ಹಿಂದೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ. ಆ ಕ್ಯಾಲೆಂಡರ್ ಅಡುಗೆಮನೆ ಡಬ್ಬಗಳ ಕೆಳಗೆ ಹಾಸಿಕೊಂಡು ಬಿದ್ದಿತ್ತು. ಫೋನ್ ಮಾಡಿದಾಗ ಯಾರು ಅಂತ ಅವರಿಗೆ ಗೊತ್ತಾಗಲಿಲ್ಲ. "ಮನೆಯವರನ್ನ ಕೇಳಿ ಹೇಳ್ತೀನಿ ಅಂದಿದ್ದೆನಲ್ಲ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ನಕ್ಕರು. ಆ ಹುಡುಗಿ ಈಗ ಇಲ್ಲಿಲ್ಲ, ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಂಡು ಹೋದಳು, ಮೊದಮೊದಲು ಫೋನ್ ಮಾಡುತ್ತಿದ್ದಳು, ಈಗ ಆ ನಂಬರ್ ಹೋಗುತ್ತಿಲ್ಲ ಅಂದರು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೇರೆ ಇಬ್ಬರಿದ್ದಾರೆ, ಒಟ್ಟಿಗೆ ಇರುತ್ತಾರೆ, ಭಾನುವಾರ ಹನ್ನೊಂದಕ್ಕೆ ಕರೆದುಕೊಂಡು ಬರಲಾ ಅಂದರು. ಬನ್ನಿ ಅಂದಿದ್ದೇನೆ.

ನನಗೆ ಭಯ ಹೋಗಿಲ್ಲ. ಪಕ್ಕದ ಮನೆಯವರು ಕೇಳಿದರೆ ಏನು ಹೇಳಲಿ ಅಂತ ರಾತ್ರಿ ಎರಡು ಸಲ ಅಭ್ಯಾಸ ಮಾಡಿಕೊಂಡೆ. "ಟೈಲರಿಂಗ್ ಮಾಡೋ ಹುಡುಗಿಯರು" ಅಂತ ಹೇಳುವುದು. ಅದು ಸುಳ್ಳೂ ಅಲ್ಲ.

ಬಡಗಿಯನ್ನು ಶನಿವಾರ ಬರಲು ಹೇಳಿದ್ದೇನೆ. ಮಳೆ ಶುರುವಾಗಿದೆ, ಮೇಲಿನ ಬಾಗಿಲು ಮತ್ತೆ ಉಬ್ಬಿಕೊಂಡಿದೆ. ಒಳಗಿನ ಚಿಲಕ ಒಂದೇ ಸಲಕ್ಕೆ ಬೀಳುವಂತೆ ಅಂಚು ಸ್ವಲ್ಪ ಹೆರೆದು ಕೊಡಬೇಕು.

ಇಂತಿ ನಿಮ್ಮವಳೇ ಆದ
ಕುವೆಂಪುನಗರದ ಒಬ್ಬ ಮನೆ ಮಾಲೀಕಳು